ಮಾವನವರ ಗಟ್ಟಿಪಿಂಡ

ಆ ಭಾನುವಾರ ಇಂದ್ರೇಶನ ಗ್ರಹಚಾರ ಶುರುವಾದದ್ದು 'ಟಣ್' ಎಂಬ ಒಂದು ಸದ್ದಿನಿಂದ.

ಬಟ್ಟೆ ತುಂಬಿ, ಪುಡಿ ಹಾಕಿ, ವಾಷಿಂಗ್ ಮಷಿನ್ನಿನ ಗುಂಡಿ ಒತ್ತಿ, ಇನ್ನೇನು ಕಾಫಿ ಲೋಟವನ್ನು ತುಟಿಗೆ ಮುಟ್ಟಿಸಬೇಕು, ಅಷ್ಟರಲ್ಲಿ ಮಷಿನ್ನಿನ ಹೊಟ್ಟೆಯೊಳಗಿಂದ 'ಟಣ್' ಎಂದಿತು. ಚಿಲ್ಲರೆ ಕಾಸಿರಬೇಕು ಎಂದುಕೊಂಡ. 'ಟಣ್, ದಡ್, ಟಣ್' ಎಂದಿತು. ಚಿಲ್ಲರೆ ಇಷ್ಟು ದಪ್ಪ ದನಿಯಲ್ಲಿ ಮಾತಾಡುವುದಿಲ್ಲ. ಬಗ್ಗಿ ಗಾಜಿನ ಬಾಗಿಲಲ್ಲಿ ಇಣುಕಿದ. ನೊರೆಯ ನಡುವೆ ಮಾವನವರ ಬಿಳಿ ಜುಬ್ಬಾ ತೇಲಿ ಬಂತು. ಅದರ ಹಿಂದೆ ಹೆಂಡತಿ ಚಿನ್ಮಯಿಯ ದುಪಟ್ಟಾ ಬಂತು. ಅದರ ಹಿಂದೆ, ಅಕ್ವೇರಿಯಮ್ಮಿನ ಮೀನು ಗಾಜಿಗೆ ಮೂತಿಯಿಟ್ಟು ನೋಡಿ ಹೋಗುವಂತೆ, ಮಾವನವರ ಮೊಬೈಲು ಬಂದು ಅವನನ್ನು ನೋಡಿ ಹೋಯಿತು.

ಇಂದ್ರೇಶ ಬಾಗಿಲು ಎಳೆದ. ಬರಲಿಲ್ಲ. ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿದ. ಮಷಿನ್ನು 'ಪೀಂ' ಎಂದು ಒಮ್ಮೆ ಗದರಿ ತನ್ನ ಕೆಲಸ ಮುಂದುವರಿಸಿತು. ಒಮ್ಮೆ ನೀರು ಕುಡಿಯಿತೆಂದರೆ ಒಗೆತ ಮುಗಿಯುವ ತನಕ ಬಾಯಿ ಬಿಡದ ಜಾತಿ ಅದು. ಮೊಬೈಲು ಮತ್ತೆ ಬಂತು, ನೋಡಿತು, ಹೋಯಿತು. ಇಂದ್ರೇಶ ಮಷಿನ್ನಿನ ಮುಂದೆ ಮಂಡಿಯೂರಿ ಕೂತ.

ಅದೇನು ಸಾಮಾನ್ಯ ಮೊಬೈಲಲ್ಲ. ಮದುವೆಯಾದ ಮೊದಲ ದೀಪಾವಳಿಗೆ ಅವನೇ ಮಾವ ಗುರುಶಾಂತಪ್ಪನವರಿಗೆ ಕೊಟ್ಟದ್ದು. ಸಾಬೂನಿನಷ್ಟು ದಪ್ಪ, ಒತ್ತಿದರೆ 'ಟಕ್' ಎನ್ನುವ ಗುಂಡಿಗಳು, ನೆತ್ತಿಯ ಮೇಲೊಂದು ಟಾರ್ಚು. ರಾಣೆಬೆನ್ನೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ ನಡೆಸಿದ್ದ ಮಾವನವರು ಬಂದವರೆದುರೆಲ್ಲ ಅದನ್ನು ಕಿಸೆಯಿಂದ ತೆಗೆದು ತೋರಿಸುತ್ತಿದ್ದರು. "ಏನ್ ಫೋನ್ ಅಂತೀರಿ ಇದು! ಸಂಪಿನಾಗ ಬಿತ್ತು, ಎತ್ತಿದೆ, 'ಹಲೋ' ಅಂತು. ಟ್ರ್ಯಾಕ್ಟರ್ ಗಾಲಿ ಮ್ಯಾಲ ಹೋತು, ಗಾಲಿ ಪಂಚರ್ ಆತು. ನಮ್ಮ ಅಳಿಯಂದಿರು ಕೊಟ್ಟಿದ್ದು!"

ಹಿರಿಯ ಅಳಿಯ ಹುಬ್ಬಳ್ಳಿಯಲ್ಲಿ ಡಾಕ್ಟರು, ನಡುವಿನವನು ದೊಡ್ಡ ಕಾಂಟ್ರ್ಯಾಕ್ಟರು. ಇಬ್ಬರೂ ಹಬ್ಬಕ್ಕೆ ಬರುತ್ತಾರೆ, ಆಸ್ಪತ್ರೆಗೆ ಓಡಾಡುತ್ತಾರೆ. ಇಂದ್ರೇಶನೋ ಸಿಡ್ನಿಯಲ್ಲಿ ಸಾಫ್ಟ್‌ವೇರ್ ಟೆಸ್ಟರು. ಸ್ವಂತ ಭಾವಮೈದುನನ ಮದುವೆಯ ದಿನವೂ 'ರಿಲೀಸ್ ಇದೆ' ಎಂದು ನಾರ್ತ್ ಸಿಡ್ನಿಯ ಆಫೀಸಿನಲ್ಲಿ ಕೂತವನು. ಮಾವನ ಮನೆಯಲ್ಲಿ ಅವನ ಮರ್ಯಾದೆ ಏನಾದರೂ ಉಳಿದಿದ್ದರೆ ಅದು ಈ ಫೋನಿನ ಬ್ಯಾಟರಿಯಲ್ಲಿ ಮಾತ್ರ. ಈಗ ಹೆಂಡತಿಯ ಒತ್ತಾಯಕ್ಕೆ ಮಾವನವರು ಪೆಂಡಲ್ ಹಿಲ್ಲಿನ ಅವನ ಮನೆಗೆ ಬಂದಿದ್ದರು. ಹಳೆಯ ನೆಟ್‌ವರ್ಕುಗಳನ್ನೆಲ್ಲ ಆಸ್ಟ್ರೇಲಿಯಾದಲ್ಲಿ ಮುಚ್ಚಿದ್ದರಿಂದ ಆ ಫೋನಿಗೆ ಇಲ್ಲಿ ಒಂದು ಕರೆಯೂ ಬರುತ್ತಿರಲಿಲ್ಲ. ಆದರೂ ಜುಬ್ಬಾದ ಕಿಸೆಯಿಂದ ಇಳಿದಿರಲಿಲ್ಲ. ಈಗ ಕರೆ ಬರದ ಫೋನಿನ ಮೇಲಿದ್ದ ಕರೆಯೂ ಹೋಗುತ್ತಿತ್ತು.

ಒಗೆತ ಮುಗಿಯಿತು. ಫೋನು ಹೊರಬಂತು, ಲ್ಯಾವೆಂಡರ್ ವಾಸನೆ ಹೊಡೆಯುತ್ತ. ಒತ್ತಿದ. ಉಸಿರಿಲ್ಲ. ಬಿಚ್ಚಿ, ಒರೆಸಿ, ಊದಿ, ಮತ್ತೆ ಜೋಡಿಸಿ ಒತ್ತಿದ. ಉಸಿರಿಲ್ಲ. ನೆನೆದ ಫೋನಿಗೆ ಅಕ್ಕಿಯೇ ಗತಿ ಎಂದು ಹೊಳೆಯಿತು. ಡಬ್ಬಿಯಲ್ಲಿಟ್ಟರೆ ಚಿನ್ಮಯಿ ಅನ್ನಕ್ಕೆ ಕೈ ಹಾಕುತ್ತಾಳೆ. ಅಪ್ಪನ ವಿಷಯವೆಂದರೆ ಅವಳದು ನೇರ ಪ್ರಸಾರ. ಶೋಕೇಸಿನಲ್ಲಿ ಅವಳು ಊರಿನಿಂದ ತಂದಿಟ್ಟಿದ್ದ ಹಿತ್ತಾಳೆಯ ಸೇರು ಕಂಡಿತು. ಅದರಲ್ಲಿದ್ದ ಪ್ಲಾಸ್ಟಿಕ್ ಹೂವು ಕಿತ್ತು, ಫೋನನ್ನು ನಿಲ್ಲಿಸಿ, ಬಾಯಿ ತನಕ ಅಕ್ಕಿ ಸುರಿದು, ಸೇರನ್ನು ಇದ್ದಲ್ಲೇ ಇಟ್ಟ. ತನ್ನ ಜಾಣತನಕ್ಕೆ ತಾನೇ ತಲೆದೂಗಿ ತಿರುಗುವಷ್ಟರಲ್ಲಿ ವಾಕಿಂಗ್ ಮುಗಿಸಿದ ಮಾವನವರು ಬಾಗಿಲಲ್ಲಿದ್ದರು.

"ಅಳಿಯಂದಿರ, ನನ್ನ ಫೋನ್ ಕಂಡಿರೇನ್ರಿ?"

"ಚಾ... ಚಾರ್ಜಿಗೆ ಹಾಕಿದ್ದೀನಿ ಮಾವ."

"ಚಾರ್ಜಿಗೆ?" ಮಾವನವರ ಹುಬ್ಬು ಮೇಲೇರಿತು. "ಚಾರ್ಜ್ ಆಗಾಕತ್ತೈತೇನ್ರಿ ಅದು?"

"ಆಗದೇ ಏನು ಮಾವ! ಸಾಯಂಕಾಲಕ್ಕೆ ಕೈಗೆ ಕೊಡ್ತೀನಿ."

ಮಾವನವರು ಕುರ್ಚಿಯಲ್ಲಿ ಕುಸಿದು ದೀರ್ಘವಾಗಿ ಉಸಿರುಬಿಟ್ಟರು. ಒಂದು ಗಳಿಗೆ ಕಾಣದಿದ್ದರೆ ಎಂಥ ಚಡಪಡಿಕೆ! ಇಂದ್ರೇಶ ಚಪ್ಪಲಿ ಮೆಟ್ಟಿದ. "ಸ್ಟೇಷನ್ ಹತ್ರ ಕರಿಬೇವು ತರ್ತೀನಿ" ಎಂದವನೇ ಓಡಿದ.

ಓಡಿದ್ದು ಕರಿಬೇವಿಗಲ್ಲ. ದಿನಸಿ ಅಂಗಡಿಗಳ ಸಾಲಿನಲ್ಲೊಬ್ಬ ಮೊಬೈಲ್ ರಿಪೇರಿಯವನಿದ್ದ. ಇಂದ್ರೇಶ ತನ್ನ ಸ್ಮಾರ್ಟ್‌ಫೋನಿನಲ್ಲಿದ್ದ ಮಾವನವರ ಒಂದು ಫೋಟೋ ತೆರೆದು, ಕಿಸೆಯಿಂದ ಇಣುಕುತ್ತಿದ್ದ ಫೋನನ್ನು ದೊಡ್ಡದು ಮಾಡಿ ತೋರಿಸಿದ. ರಿಪೇರಿಯವನು ಕೈಮುಗಿದುಬಿಟ್ಟ.

"ಭಾಯಿಸಾಬ್, ಯೇ ತೋ ದಾದಾಜೀ ಹೈ!"

"ಅವರು ನಮ್ಮ ಮಾವ. ಫೋನ್ ನೋಡಿ, ಫೋನ್."

"ಫೋನ್ ಕೋ ಹೀ ಬೋಲಾ ಭಾಯಿಸಾಬ್."

ಇಂಥದೇ ಇನ್ನೊಂದು ಸಿಗುತ್ತದೆಯೇ ಎಂದದ್ದಕ್ಕೆ ಅವನು ಮ್ಯೂಸಿಯಮ್ಮಿನ ದಾರಿ ತೋರಿಸಿದ. ಅಕ್ಕಿಯಲ್ಲಿಟ್ಟಿದ್ದೇನೆ ಎಂದದ್ದಕ್ಕೆ ಮಾತ್ರ ತಲೆಯಾಡಿಸಿದ. ಸಂಜೆ ತನಕ ಮುಟ್ಟಬೇಡಿ, ಎದ್ದರೂ ಎದ್ದೀತು ಎಂದ. ಇಂದ್ರೇಶ ಅಷ್ಟು ಆಸೆಯನ್ನು ಕಟ್ಟಿಸಿಕೊಂಡು ಮನೆಗೆ ಬಂದ. ಶೋಕೇಸಿನಲ್ಲಿ ಪ್ಲಾಸ್ಟಿಕ್ ಹೂವು ಇತ್ತು. ಸೇರು ಇರಲಿಲ್ಲ.

"ಚಿನ್ನೂ, ಇಲ್ಲಿದ್ದ ಸೇರು?"

"ಅಹಲ್ಯಾ ಆಂಟಿ ತಗೊಂಡ್ ಹೋದ್ರು ರೀ. ಇವತ್ತು ಅವರ ಸೊಸೆ ಮೊದಲನೇ ಸಲ ಮನೆಗೆ ಬರ್ತಿದ್ದಾಳಲ್ಲ, ಹೊಸ್ತಿಲಲ್ಲಿ ಒದ್ದು ಬರೋಕೆ ಸೇರು ಬೇಕಲ್ವಾ? ಪಾಪ, ಎಲ್ಲೂ ಸಿಗದೆ ಪ್ರೋಟೀನ್ ಪೌಡರ್ ಡಬ್ಬಿ ಇಡೋದು ಅಂತಿದ್ರಂತೆ. ನಮ್ಮದು ನೋಡಿ, 'ತುಂಬಿದ ಸೇರೇ ಸಿಕ್ತು ಕಣೇ, ಎಂಥ ಶಕುನ' ಅಂತ ಕಣ್ಣಿಗೊತ್ಕೊಂಡ್ ಹೋದ್ರು. ಅಂದಹಾಗೆ ಅದಕ್ಕೆ ಅಕ್ಕಿ ತುಂಬಿದ್ಯಾರು?"

"ಅದು... ಅಲಂಕಾರಕ್ಕೆ."

"ನಿಮಗೆ ಯಾವಾಗಿಂದ ಅಲಂಕಾರ?" ಎನ್ನುವಷ್ಟರಲ್ಲಿ ಇಂದ್ರೇಶ ಬೀದಿಯಲ್ಲಿದ್ದ.

ಅಹಲ್ಯಾ ಆಂಟಿಯ ಮನೆ ಅದೇ ಬೀದಿಯ ಕೊನೆಗೆ. ಅವರ ಮಗ ರಾಘವ್‌ನ ಮದುವೆ ಬೆಂಗಳೂರಿನಲ್ಲಿ ಆಗಿತ್ತು. ಸೊಸೆ ಆದ್ಯಾ ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಓದಿ ಅಲ್ಲೇ ಕೆಲಸದಲ್ಲಿದ್ದವಳು. ಈಗ ಬಾಡಿಗೆ ಕೋಣೆ ಖಾಲಿ ಮಾಡಿ, ಗಂಡನ ಜೊತೆ ವಿಮಾನದಲ್ಲಿ ಬರುತ್ತಿದ್ದಳು. ಬಾಗಿಲಿಗೆ ತೋರಣ, ಅಂಗಳಕ್ಕೆ ರಂಗೋಲಿ, ಹೊಸ್ತಿಲ ಮೇಲೆ ಅರಿಶಿನ-ಕುಂಕುಮ ಹಚ್ಚಿಸಿಕೊಂಡು ಮದುಮಗನ ಹಾಗೆ ನಿಂತ ಸೇರು! ಅಂತೂ ಸೇರು ಸೇರಬಾರದ ಕಡೆ ಸೇರಿತ್ತು.

ಆಂಟಿಯ ಗಂಡ ಲಕ್ಷ್ಮೀಶ ಅಂಕಲ್ ಉದ್ದನೆಯ ಕೋಲಿಗೆ ಹೊಸ ಸ್ಮಾರ್ಟ್‌ಫೋನ್ ಸಿಕ್ಕಿಸಿಕೊಂಡು ಮೈಸೂರಿನ ನೆಂಟರಿಗೆಲ್ಲ ಲೈವ್ ಕೊಡುತ್ತಿದ್ದರು. ಕ್ರಿಕೆಟ್ ಕಾಮೆಂಟರಿಯದೇ ಧಾಟಿ. "ನಮಸ್ಕಾರ ಮೈಸೂರು! ಇಲ್ಲಿ ಬಿಸಿಲು ಚೆನ್ನಾಗಿದೆ, ಹೊಸ್ತಿಲು ಒಣಗಿದೆ, ಸೇರು ಫಾರ್ಮ್‌ನಲ್ಲಿದೆ. ಇದೀಗ ಮೈದಾನಕ್ಕೆ ನಮ್ಮ ನೆರೆಮನೆಯ ಇಂದ್ರೇಶ್! ಒಂದು ಹಾಯ್ ಹೇಳಪ್ಪಾ."

ಇಂದ್ರೇಶ ಮೈಸೂರಿಗೆ ಹಾಯ್ ಹೇಳಿ ಆಂಟಿಯ ಬಳಿ ಸರಿದ. "ಆಂಟಿ, ಆ ಅಕ್ಕಿ ಬೇಡ. ಹುಳ ಇದೆ."

"ಹುಳಾನಾ? ಅಯ್ಯೋ ದೇವ್ರೇ! ಪೂಜೆ ಬೇರೆ ಮಾಡಿಬಿಟ್ನಲ್ಲಪ್ಪಾ!" ಆಂಟಿ ಎದೆ ಮುಟ್ಟಿಕೊಂಡರು. "ಹಾಗಾದ್ರೆ ತಟ್ಟೇಗೆ ಸುರೀರೇ ಯಾರಾದ್ರೂ, ಆರಿಸಿಬಿಡೋಣ. ಇಷ್ಟು ಜನ ಇದೀವಿ."

ಐದಾರು ಹೆಂಗಸರು ಸೆರಗು ಸಿಕ್ಕಿಸಿಕೊಂಡು ಎದ್ದರು. ತಾನು ಬಗ್ಗಿ ಎತ್ತಿಕೊಂಡು ಓಡಬೇಕು ಎಂದು ಇಂದ್ರೇಶ ಲೆಕ್ಕ ಹಾಕುವಾಗಲೇ ಗೇಟು ಕಿರ್ ಎಂದಿತು. ಚಿನ್ಮಯಿ, ಅವಳ ಹಿಂದೆ ರೇಷ್ಮೆ ಶಲ್ಯ ಹೊದ್ದ ಮಾವನವರು.

"ಬೇಡ ಆಂಟಿ! ಹುಳ ಇಲ್ಲ! ಒಂದೂ ಇಲ್ಲ! ಮುತ್ತು, ಮುತ್ತು ಇದ್ದಂಗಿದೆ!"

"ಈಗ ತಾನೇ ಇದೆ ಅಂದ್ರಿ?"

"ಅದು ಬೇರೆ ಅಕ್ಕಿ. ಹೋದ ವರ್ಷದ್ದು."

ಆಂಟಿ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಚಿನ್ಮಯಿ, ಇವರಿಗೆ ನಿದ್ದೆ ಸರಿಯಾಗಿ ಆಗ್ತಿದ್ಯೇನಮ್ಮಾ?"

ಅಷ್ಟರಲ್ಲಿ ಕಾರು ಬಂತು. "ಮುಹೂರ್ತ ಮೀರ್ತಿದೆ, ಬೇಗ ಬೇಗ!" ಎನ್ನುತ್ತ ಎಲ್ಲರೂ ಗೇಟಿನ ಕಡೆ ನುಗ್ಗಿದರು. ಹೊಸ್ತಿಲ ಬಳಿ ಉಳಿದದ್ದು ಸೇರು ಮತ್ತು ಇಂದ್ರೇಶ. ಇದೇ ಸಮಯವೆಂದು ಬಗ್ಗಿ ಕೈ ತೂರಿಸಿದ. ಬೆರಳಿಗೆ ಫೋನು ಸಿಕ್ಕಿತು. ಹಿಡಿದ. ಎಳೆದ. ಬರಿಗೈ ಒಳಹೋಗುವಷ್ಟೇ ಇದ್ದ ಸೇರಿನ ಬಾಯಿ, ಫೋನು ಹಿಡಿದ ಮುಷ್ಟಿಯನ್ನು ಹೊರಗೆ ಬಿಡಲೊಲ್ಲದು. ಕೈ ಮೇಲೆತ್ತಿದ. ಕೈಯ ಜೊತೆ ಸೇರೂ ಎದ್ದಿತು, ಕುಂಕುಮ ಸಮೇತ.

"ಏನ್ರೀ ಅದು ಹುಗೀತಿರೋದು ನಮ್ಮ ಸೇರಲ್ಲಿ?"

ಆಂಟಿ ಆರತಿ ತಟ್ಟೆಗೆ ವಾಪಸು ಬಂದಿದ್ದರು. ಹಿಂದಿನಿಂದ ಯಾರೋ ಒಬ್ಬರು "ಮಾಟ-ಗೀಟ ಇರಬಹುದು ರೀ, ಇಲ್ಲೂ ಮಾಡೋರಿದ್ದಾರಂತೆ" ಎಂದು ಪಿಸುಗುಟ್ಟಿದರು. ಪಿಸುಮಾತು ಮೈಸೂರಿಗೆ ಕೇಳುವಷ್ಟು ಜೋರಾಗಿತ್ತು.

"ಇಲ್ಲ ಆಂಟಿ, ಅಳತೆ... ಅಳತೆ ಸರಿ ಇದ್ಯಾ ಅಂತ..."

"ರೀ!" ಎಂದಳು ಚಿನ್ಮಯಿ. ಆ ಒಂದಕ್ಷರದಲ್ಲಿ ಅವಳು ಒಂದು ಪುಟದಷ್ಟು ಹೇಳಬಲ್ಲಳು. ಇಂದ್ರೇಶ ಮುಷ್ಟಿ ಸಡಿಲಿಸಿ, ಬಿಳಿಚಿದ ಕೈ ತೆಗೆದು, ಅಕ್ಕಿಯನ್ನು ಮಟ್ಟಸ ಮಾಡಿ ಗೋಡೆಗೆ ಒರಗಿ ನಿಂತ. ಮಾವನವರು ಅವನನ್ನೂ ಸೇರನ್ನೂ ಒಮ್ಮೆ ನೋಡಿದರು.

ಆದ್ಯಾ ಬಂದಳು. ಕೆಂಪು ರೇಷ್ಮೆ ಸೀರೆ, ತಲೆ ತುಂಬ ಹೂವು, ಮುಖದಲ್ಲಿ ನಗೆ. ನೋಡಿದರೆ ಹೂವು ಬಾಡೀತೆಂದು ಮೆಲ್ಲಗೆ ನಡೆಯುವ ಹುಡುಗಿ. ಆರತಿಯಾಯಿತು. "ಬಲಗಾಲಮ್ಮಾ. ಹೆಬ್ಬೆರಳು ತಾಗಿಸಿದ್ರೆ ಸಾಕು, ಮೆತ್ತಗೆ" ಎಂದರು ಆಂಟಿ.

ಆದ್ಯಾ ಮೆತ್ತಗೆ ತಾಗಿಸಿದಳು. ಸೇರು ಅಲ್ಲಾಡಲಿಲ್ಲ. ಇನ್ನೊಮ್ಮೆ ತಾಗಿಸಿದಳು. ಗಟ್ಟಿಪಿಂಡವನ್ನು ಹೊಟ್ಟೆಯಲ್ಲಿಟ್ಟುಕೊಂಡ ಸೇರು ಕುಂಭಕರ್ಣನ ಹಾಗೆ ನಿಂತೇ ಇತ್ತು. ಹೆಂಗಸರ ಗುಂಪಿನಲ್ಲಿ ಗುಸುಗುಸು ಎದ್ದಿತು. ಆಂಟಿಯ ಮುಖ ಸಣ್ಣಗಾಯಿತು. "ಲಕ್ಷ್ಮಿ ಒಳಗೆ ಬರೋಕೆ ಒಪ್ತಾ ಇಲ್ವಲ್ಲೇ" ಎಂದು ಕಣ್ಣಲ್ಲಿ ನೀರು ತಂದುಕೊಂಡರು.

"ಆದ್ಯಾ, ಪ್ಲೀಸ್, ಜೆಂಟ್ಲ್ ಆಗಿ..." ಎಂದ ರಾಘವ್. ಅವನ ದನಿಯಲ್ಲಿ ಇಂದ್ರೇಶನಿಗೆ ಏನೋ ಅಪಾಯ ಕೇಳಿಸಿತು.

"ಅತ್ತೆ, ಇದು ಹೀಗೆ ಆಗಲ್ಲ. ಸ್ವಲ್ಪ ಜಾಗ ಬಿಡಿ ಎಲ್ಲಾರೂ" ಎಂದಳು ಆದ್ಯಾ, ಸೀರೆಯನ್ನು ಕಣಕಾಲಿನ ಮೇಲಕ್ಕೆತ್ತಿ ಹಿಂದಕ್ಕೆ ಸರಿಯುತ್ತ.

"ಮೈಸೂರು, ಗಮನಿಸಿ!" ಲಕ್ಷ್ಮೀಶ ಅಂಕಲ್ ಕೋಲು ಚಾಚಿ ಒಳಗಿನಿಂದ ಹೊಸ್ತಿಲಿಗೆ ಎದುರಾಗಿ ನಿಂತರು. "ನಮ್ಮ ಸೊಸೆ ಯೂನಿವರ್ಸಿಟಿ ಫುಟ್‌ಬಾಲ್ ಟೀಮಿನ ಸ್ಟ್ರೈಕರ್! ಪೆನಾಲ್ಟಿ ಕಿಕ್!"

ಇಂದ್ರೇಶ ಕಣ್ಣು ಮುಚ್ಚಿಕೊಂಡ.

ಧಡ್! ಸೇರು ಗಿರಗಿರನೆ ಅಡಿಗೆಮನೆಯ ತನಕ ಉರುಳಿತು. ಅಕ್ಕಿ ಮಳೆಗರೆಯಿತು. ಆ ಮಳೆಯೊಳಗಿಂದ ಕಪ್ಪು ಇಟ್ಟಿಗೆಯಂಥದೊಂದು ಸೀಟಿ ಹೊಡೆಯುತ್ತ ಹಾರಿ, ಅಂಕಲ್‌ರ ಕೋಲಿನ ತುದಿಯಲ್ಲಿದ್ದ ಹೊಸ ಫೋನಿನ ಮುಖಕ್ಕೆ ನೇರವಾಗಿ ಬಡಿಯಿತು. 'ಚಟ್' ಎಂದು ಹೊಸ ಫೋನಿನ ಗಾಜು ಜೇಡನ ಬಲೆಯಾಯಿತು, ಮೈಸೂರು ಕತ್ತಲಾಯಿತು. ಹಳೆಯದು ನೆಲಕ್ಕೆ ಬಿತ್ತು, ಪುಟಿಯಿತು, ಮತ್ತೆ ಬಿತ್ತು, ಅಂಗಾತ ಮಲಗಿತು. ಎಲ್ಲರೂ ಉಸಿರು ಹಿಡಿದು ನೋಡುತ್ತಿದ್ದಂತೆ ಅದರ ಪರದೆಯಲ್ಲಿ ಹಸಿರು ಬೆಳಕು ಮೂಡಿತು. 'ಟಿಣಿಂಗ್ ಟಿಣಿಂಗ್ ಟಿಣಿಣಿಣೀ' ಎಂದು ಹಾಡಿಕೊಂಡು ಎದ್ದು ಕೂತಿತು.

"ಗೋಲ್!" ಎಂದರು ಅಂಕಲ್, ಅಭ್ಯಾಸಬಲದಿಂದ. ಆಮೇಲೆ ಕೋಲಿನ ತುದಿ ನೋಡಿದರು. "ಅಯ್ಯೋ, ಇನ್ಶೂರೆನ್ಸ್ ಏನೋ ಇದೆ. ಕಾರಣ ಏನೂಂತ ಬರೀಲಿ ಮಾರಾಯ? 'ಸೊಸೆ ಒದ್ದಳು' ಅಂತಲಾ?"

ಈಗ ಎಲ್ಲರ ಕಣ್ಣೂ ಇಂದ್ರೇಶನ ಮೇಲೆ. ಮುಚ್ಚಿಡಲು ಏನೂ ಉಳಿದಿರಲಿಲ್ಲ. ಜೊತೆಗೆ ಫೋನು ಬದುಕಿತ್ತು! ಅವನ ಎದೆ ಉಬ್ಬಿತು. ಎಲ್ಲವನ್ನೂ ಹೇಳಿದ. ಒಗೆತದ್ದು, ಅಕ್ಕಿಯದ್ದು, ಮೊದಲ ದೀಪಾವಳಿಯದ್ದು. ಹೇಳಿ, ಫೋನನ್ನು ಎರಡು ಕೈಯಲ್ಲಿ ಮಾವನವರಿಗೆ ಒಪ್ಪಿಸಿದ. "ಮಷಿನ್ನಿಗೂ ಬಗ್ಗಲಿಲ್ಲ ಮಾವ, ಸ್ಟ್ರೈಕರ್‌ಗೂ ಬಗ್ಗಲಿಲ್ಲ!"

ಚಪ್ಪಾಳೆಯೋ ಚಪ್ಪಾಳೆ. "ಆಗಿನ ಕಾಲದ ಫೋನು ಅಂದ್ರೆ ಫೋನು" ಎಂದು ಒಬ್ಬರು ಕಣ್ಣೊರೆಸಿಕೊಂಡರು. ಒಂದು ಸಲ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತಿತ್ತು ಎಂದು ಇನ್ನೊಬ್ಬರು, ನೋಡದೆಯೇ ಮೇಜಿನ ಕೆಳಗೆ ಮೆಸೇಜು ಒತ್ತುತ್ತಿದ್ದೆ ಎಂದು ಮತ್ತೊಬ್ಬರು. ಎಲ್ಲರೂ ತಮ್ಮ ತಮ್ಮ ಸ್ಮಾರ್ಟ್‌ಫೋನ್ ಎತ್ತಿ ಅದರ ವಿಡಿಯೋ ಮಾಡಿದರು. ಲಕ್ಷ್ಮಿ ಹಾಡಿಕೊಂಡೇ ಒಳಗೆ ಬಂದಳೆಂದು ಆಂಟಿ ಫೋನಿಗೆ ಕುಂಕುಮವಿಟ್ಟರು. ಮಾವನವರನ್ನು ಸೋಫಾದಲ್ಲಿ ಕೂರಿಸಿ ಎರಡು ಮಾತು ಎಂದರು.

ಮಾವನವರು ಫೋನನ್ನು ನೋಡಿದರು. "ಏನ್ ಹೇಳ್ಲಿ... ಇದು ನನ್ನ ಬಿಡಂಗಿಲ್ಲ, ನಾ ಇದನ್ನ ಬಿಡಂಗಿಲ್ಲ. ಕೊನೀ ಉಸಿರಿನ ತನಕ ಹಿಂಗ."

ಇಂದ್ರೇಶ ಆ ಮಾತಿಗೆ ಅತ್ತೇಬಿಟ್ಟ.

ಕಾಫಿ ಹಂಚಲು ಚಿನ್ಮಯಿ ಅಲ್ಲೇ ಉಳಿದಳು. ಮಾವ ಅಳಿಯ ಇಬ್ಬರೇ ಮನೆ ಕಡೆ ಹೊರಟರು. ಬೀದಿಯ ತಿರುವಿನಲ್ಲಿ ಮಾವನವರು ನಿಂತರು.

"ಅಳಿಯಂದಿರ."

"ಥ್ಯಾಂಕ್ಸ್ ಎಲ್ಲ ಬೇಡ ಮಾವ."

"ಅದನ್ನ ಅಕ್ಕಿಯಾಗ ಇಡ್ರಿ ಅಂತ ನಿಮಗ ಹೇಳಿದಾವ್ರು ಯಾರು?"

"ಹಾಂ?"

"ಜುಬ್ಬಾದ ಕಿಸೆದಾಗ ಇಟ್ಟು, ಮ್ಯಾಲ ಕರವಸ್ತ್ರ ತುರುಕಿ, ಒಗ್ಯಾಣದ ಬುಟ್ಟಿಗೆ ಹಾಕಿದಾವ ನಾನ ರೀ! ಎಷ್ಟು ವರ್ಷದಿಂದ ಪ್ರಯತ್ನ ಮಾಡಾಕತ್ತೀನಿ ಗೊತ್ತೇನು ನಿಮಗ?" ಮಾವನವರು ಫೋನನ್ನು ಅವನ ಮೂಗಿನೆದುರು ಆಡಿಸಿದರು. "ನಮ್ಮ ಕಟ್ಟಿ ಮ್ಯಾಲಿನ ಗೆಳೆಯರ ಎಲ್ಲಾರ ಕಡೆನೂ ಟಚ್ ಫೋನ್. ದಿನಾ ಮುಂಜಾನೆ ಹೂವಿನ ಚಿತ್ರ ಬರತೈತಿ ಅವರಿಗೆ, ಗುಡ್ ಮಾರ್ನಿಂಗ್ ಅಂತ. ನನಗೊಬ್ಬಗ ಗುಡ್ ಮಾರ್ನಿಂಗ್ ಇಲ್ಲ! ನಿಮ್ಮ ಅತ್ತಿದು ಒಂದ ಹಟ. 'ಅಳಿಯಂದಿರು ಕೊಟ್ಟಿದ್ದು ಕೆಟ್ಟ ಮ್ಯಾಲ ಬ್ಯಾರೆ ತಗೋರಿ.' ಅದು ಕೆಟ್ರ ಅಲ್ಲ!"

ಇಂದ್ರೇಶನಿಗೆ ನೆಲ ಜರುಗಿದಂತಾಯಿತು. "ಒಂದು ಮಾತು ಹೇಳಬಾರದಿತ್ತಾ ಮಾವ?"

"ಅಳಿಯಂದಿರು ಕೊಟ್ಟಿದ್ದು ಬ್ಯಾಡ ಅಂತ ಯಾವ ಬಾಯಿಲೆ ಹೇಳ್ಲಿ? ಮಂದಿ ಮುಂದ ನಾನ ಬ್ಯಾರೆ ಅದನ್ನ ಹೊಗಳಿದ್ದ ಹೊಗಳಿದ್ದು."

"ಆಯ್ತು ಮಾವ. ನಾಳೆನೇ ಹೊಸ ಟಚ್ ಫೋನ್ ಕೊಡಿಸ್ತೀನಿ."

ಮಾವನವರ ಮುಖ ಅರಳುವಷ್ಟರಲ್ಲಿ ಇಂದ್ರೇಶನ ಫೋನು ಕುಣಿಯಿತು. ರಾಣೆಬೆನ್ನೂರಿನಿಂದ ಅತ್ತೆಯ ವಿಡಿಯೋ ಕಾಲು. ಆನಂದಬಾಷ್ಪದಲ್ಲಿ ಪರದೆಯೇ ಮಸುಕಾಗಿತ್ತು.

"ಚಿನ್ಮಯಿ ಕಳಿಸಿದ ವಿಡಿಯೋ ನೋಡಿದ್ವಿ ಅಳಿಯಂದಿರ, ಓಣಿ ಮಂದಿ ಎಲ್ಲಾ ನೋಡ್ಯಾರ. ಆ ಫೋನಿಗೆ ಮೊದಲ ದೃಷ್ಟಿ ತಗೀರಿ. ಇನ್ನ ಅವರು ಬ್ಯಾರೆ ಫೋನ್ ಹಿಡ್ಕೊಂಡು ಬಂದ್ರಂದ್ರ ನಾ ಬಾಗಲಾ ತಗಿಯಂಗಿಲ್ಲ, ಹೇಳಿಬಿಡ್ರಿ!"

ಕಾಲು ಮುಗಿಯಿತು. ಮಾವನವರೇ ಮೆಲ್ಲಗೆ ಕೈ ಚಾಚಿ ಇಂದ್ರೇಶನ ಸ್ಮಾರ್ಟ್‌ಫೋನನ್ನು ತೆಗೆದುಕೊಂಡು, ಹಳೆಯದನ್ನು ಅವನ ಅಂಗಿಯ ಕಿಸೆಗೆ ಇಳಿಸಿ, ಮೇಲಿಂದ ತಟ್ಟಿದರು.

"ಹೊಸದು ಬ್ಯಾಡ. ಇಲ್ಲಿ ಇರೋ ತನಕ ನಿಮ್ಮದು ನನ್ನ ಕಡೆ ಇರ್ಲಿ. 'ಇಂಥಾ ಗಟ್ಟಿ ಫೋನ್ ಸ್ವಲ್ಪ ದಿನ ನನ್ನ ಕಿಸೆದಾಗೂ ಇರ್ಲಿ' ಅಂತ ನೀವ ಪ್ರೀತಿಲೆ ಕೇಳಿದ್ರಿ, ಕೊಟ್ಟೆ. ನಿಮ್ಮ ಅತ್ತಿಗೆ ಹಿಂಗ ಹೇಳೋಣು."

"ಮಾವ, ಆಫೀಸಿನ ಲಾಗಿನ್, ಬ್ಯಾಂಕು ಎಲ್ಲ ಅದರಲ್ಲೇ... ಅಲ್ಲ, ನಿಮ್ಮ ವೀಸಾ ಯಾವಾಗಿನ ತನಕ ಇದೆ?"

"ಮುಂದ ಹಾಕಸಾಕ ಬರತೈತಂತಲ್ರಿ" ಎಂದರು ಮಾವನವರು, ಪರದೆಯಿಂದ ಕಣ್ಣು ತೆಗೆಯದೆ.

ಸಂಜೆಯೊಳಗೆ ಅವರು ರಾಣೆಬೆನ್ನೂರಿನ ಗೆಳೆಯರಿಗೆಲ್ಲ ಹೂವಿನ ಚಿತ್ರ ಕಳಿಸಿಯಾಗಿತ್ತು. ಇಂದ್ರೇಶ ತಲೆಗೆ ತಣ್ಣೀರಾದರೂ ಸುರಿದುಕೊಳ್ಳೋಣವೆಂದು ಸ್ನಾನಕ್ಕೆ ಹೋದ. ಮೈಗೆ ಸಾಬೂನು ಹಚ್ಚಿದ್ದನೋ ಇಲ್ಲವೋ, ಬಾಗಿಲು ದಬದಬ ಎಂದಿತು.

"ಅಳಿಯಂದಿರ! ಮತ್ತ ಮುಚ್ಕೊಂತು ಇದು. ಸ್ವಲ್ಪ ಮುಖಾ ಕೊಡ್ರಿ."

"ಈಗ ತಾನೇ ಕೊಟ್ಟಿದ್ನಲ್ಲ ಮಾವ!"

"ಚಿತ್ರ ಕಳಸಾಕತ್ತಿದ್ದೆ, ನಡುವ ಮುಚ್ಕೊಂತು. ಲಗೂನ ಬರ್ರಿ."

ಇಂದ್ರೇಶ ಬಾಗಿಲು ಸ್ವಲ್ಪವೇ ಸರಿಸಿ ಮುಖ ಹೊರಗಿಟ್ಟ. ಮಾವನವರು ಫೋನನ್ನು ಕನ್ನಡಿಯಂತೆ ಎತ್ತಿ ಹಿಡಿದರು. ಫೋನು ನೋಡಿತು, ಇಲ್ಲವೆಂದು ಅಲ್ಲಾಡಿತು.

"ಇಂವಾ ಯಾರೋ ಬ್ಯಾರೆ ಅಂತೈತ್ರಿ" ಎಂದರು ಮಾವನವರು. "ನೊರಿ ಒರಸ್ಕೊಳ್ರಿ. ಹಾಂ. ಹಿಂಗ ಜೋಲು ಮಾರಿ ಹಾಕ್ಕೊಂಡ್ರ ಅದಕ್ಕ ಹೆಂಗ ಗುರ್ತು ಸಿಗಬೇಕು? ಸ್ವಲ್ಪ ನಗ್ರಿ."

ಇಂದ್ರೇಶ ನಕ್ಕ. ಫೋನು ತೆರೆದುಕೊಂಡಿತು. ಮಾವನವರು ಹೋದರು.